ಕೋಡಿಯಿಂದ ಕ್ರೆಸ್ಟ್‌ಗೇಟಿಗೆ: ತೆರಕಣಾಂಬಿ ಸೀಮೆಯ ಕೆರೆಗಳು ಮತ್ತು ಕಬಿನಿ ನದಿ

ತೆರಕಣಾಂಬಿ ಯಾವ ಹೊಳೆಯ ದಡದಲ್ಲೂ ಇಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ಪಾಳುಬಿದ್ದ ಗುಡಿಗಳ ನಡುವೆ ಇರುವ ಈ ಹಳೆಯ ಊರಿಗೆ ಪಶ್ಚಿಮದಲ್ಲಿ ಗುಂಡ್ಲುಹೊಳೆ, ಪೂರ್ವದಲ್ಲಿ ಸುವರ್ಣಾವತಿ. ಪಶ್ಚಿಮ ಘಟ್ಟವೂ ನೀಲಗಿರಿಯೂ ಮುಂಗಾರನ್ನು ತಡೆದು ನಿಲ್ಲಿಸುವುದರಿಂದ ಇಲ್ಲಿ ಮಳೆ ಬಿದ್ದರೆ ಬಿತ್ತು. ಆದ್ದರಿಂದ ಈ ಸೀಮೆಯ ಜನ ನೀರಿನ ವಿಷಯದಲ್ಲಿ ನಂಬಿದ್ದು ಹೊಳೆಯನ್ನಲ್ಲ, ಕೆರೆಯನ್ನು. ಇಂದು ಆ ಕೆರೆಗಳಲ್ಲಿ ಕೆಲವಕ್ಕೆ ನೀರು ಬರುತ್ತಿರುವುದು ನಂಜನಗೂಡು ತಾಲ್ಲೂಕಿನ ಕಬಿನಿಯಿಂದ, ಪಂಪು ಮತ್ತು ಪೈಪಿನ ಮೂಲಕ. ನದಿಯೊಂದನ್ನು ಎಷ್ಟು ಮಟ್ಟಿಗೆ ಬದಲಿಸಲಾಗಿದೆ ಎಂಬುದನ್ನು ಅದರ ದಡದಲ್ಲಿ ನಿಂತು ನೋಡುವುದಕ್ಕಿಂತ, ಅದರ ನೀರು ಕೊನೆಗೆ ತಲುಪುವ ಇಂಥ ಎತ್ತರದ ಊರಿನಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಈ ಲೇಖನ ಆ ಪ್ರಯತ್ನ.

ಕಬಿನಿಯನ್ನು ಈಗ ಕಾನೂನು ಜಲಮಾರ್ಗವೆಂದು ಕರೆಯುತ್ತದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ನದಿ, ಕಾಲುವೆ, ಅಳಿವೆಗಳನ್ನು ಪಟ್ಟಿಮಾಡಿತು. ಅದರಲ್ಲಿ ಕಾಳಿ, ಶರಾವತಿ, ನೇತ್ರಾವತಿಗಳ ಜೊತೆಗೆ ಕಬಿನಿಯ ಹೆಸರೂ ಇದೆ. ಬಿ.ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರನ್ನು ಓದಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಸಂಸ್ಥಾನದ ನದಿಗಳಲ್ಲಿ ಕೆಲವು ಬಂಡೆಗಳಿಂದ ತುಂಬಿವೆ, ಕೆಲವಕ್ಕೆ ಆಳವಿಲ್ಲ, ಹಾಗಾಗಿ ಯಾವುದೂ ನೌಕಾಯಾನಕ್ಕೆ ಒದಗದು ಎನ್ನುವುದು ಅಲ್ಲಿನ ತೀರ್ಮಾನ. ತುಂಗೆ, ಭದ್ರೆ, ಕಬಿನಿಗಳಲ್ಲಿ ಮಾತ್ರ ಕೆಲವು ತಿಂಗಳು ಮರದ ದಿಮ್ಮಿಗಳನ್ನು ತೇಲಿಬಿಡಲಾಗುತ್ತಿತ್ತು. ಜನ ದಾಟುತ್ತಿದ್ದುದು ಹರಿಗೋಲಿನಲ್ಲಿ, ತೆಪ್ಪದಲ್ಲಿ. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲಿಗೆ ಆಳ ಬೇಡ, ನೇರವಾದ ದಡ ಬೇಡ, ಬಂಡೆ ಒಡೆಯುವುದೂ ಬೇಡ. ನದಿ ಇದ್ದ ಹಾಗೆಯೇ ಅದು ಓಡಾಡುತ್ತಿತ್ತು. ದಳವಾಯಿ ದೇವರಾಜಯ್ಯ 1735ರಲ್ಲಿ ನಂಜನಗೂಡಿನಲ್ಲಿ ಕಟ್ಟಿಸಿದ ಸೇತುವೆ ಕೂಡ ನೀರನ್ನು ತಡೆಯಲಿಲ್ಲ, ಕಮಾನುಗಳ ಕೆಳಗೆ ಹರಿಯಲು ಬಿಟ್ಟಿತು. ಮುಂದೆ ಅದರ ಮೇಲೆ ರೈಲೂ ಓಡಿತು.

ಯುರೋಪಿನ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ನದಿಯನ್ನು ಬದಲಿಸಿದ ಮುಖ್ಯ ಕಾರಣಗಳಲ್ಲಿ ಹಡಗು ಒಂದು. ಜರ್ಮನ್ ಎಂಜಿನಿಯರ್ ಯೋಹಾನ್ ಟುಲ್ಲಾ 1817ರಲ್ಲಿ ನದಿಯನ್ನು ನೇರಗೊಳಿಸಲು ಶುರುಮಾಡಿದ ಕೆಲಸ ಮುಗಿಯುವಷ್ಟರಲ್ಲಿ ಮೇಲ್ದಂಡೆಯ ರೈನ್ ನದಿ ಸುಮಾರು 80 ಕಿಲೋಮೀಟರಿನಷ್ಟು ಗಿಡ್ಡವಾಗಿತ್ತು. ಟುಲ್ಲಾನ ಮುಖ್ಯ ಗುರಿ ಪ್ರವಾಹ ತಡೆಯುವುದು, ಹಡಗಿನ ಅನುಕೂಲ ಆಮೇಲೆ ಬಂದದ್ದು. ತಿರುವು ಹೋಯಿತು, ತಿರುವಿನ ಜೊತೆ ಮರಳದಿಣ್ಣೆ, ಜೌಗು, ಮೀನು ಮೊಟ್ಟೆಯಿಡುವ ಜಾಗಗಳೂ ಹೋದವು. ಅಣೆಕಟ್ಟುಗಳು ಎದ್ದ ಮೇಲೆ ಸಾಲ್ಮನ್ ಮೀನು ಮೇಲಕ್ಕೆ ಬರುವುದೇ ನಿಂತಿತು. ಯುರೋಪಿಯನ್ ಒಕ್ಕೂಟದ 2000ದ ಜಲನೀತಿ ಇಂಥ ನದಿಗಳಿಗೆ ಪ್ರತ್ಯೇಕ ವರ್ಗವನ್ನೇ ಮಾಡಿತು. ತೀವ್ರವಾಗಿ ಮಾರ್ಪಟ್ಟ ಜಲರಾಶಿ ಎಂದು ಗುರುತಿಸಿದ ನದಿಯನ್ನು ಮೊದಲಿನಂತೆ ಮಾಡಿ ಎಂದು ಆ ನೀತಿ ಕೇಳುವುದಿಲ್ಲ. ಹಡಗು ಓಡಲಿ, ವಿದ್ಯುತ್ ಉತ್ಪಾದನೆಯಾಗಲಿ, ಆ ಬಳಕೆಗೆ ದೊಡ್ಡ ಪೆಟ್ಟು ಬೀಳದ ಹಾಗೆ ಜೀವಸಂಕುಲವನ್ನು ಎಷ್ಟು ಉತ್ತಮಪಡಿಸಬಹುದೋ ಅಷ್ಟನ್ನು ಸಾಧಿಸಿ ಎನ್ನುತ್ತದೆ. ಇಫೆಟ್ಸ್‌ಹೈಮ್ ಅಣೆಕಟ್ಟಿಗೆ 2000ದಲ್ಲಿ ಮೀನುಮೆಟ್ಟಿಲು ಬಂದದ್ದು ಅಂಥ ಕೆಲಸ. ನೆದರ್‌ಲ್ಯಾಂಡ್ಸಿನ ವಾಲ್ ನದಿಯಲ್ಲಿ ದಡಕ್ಕೆ ಸಮಾನಾಂತರವಾಗಿ ಉದ್ದನೆಯ ಕಲ್ಲಿನ ಒಡ್ಡು ಹಾಕಿ, ಅದರ ಹಿಂದೆ ಹಡಗಿನ ಅಲೆ ತಾಕದ ಕಿರುಹರಿವನ್ನು ಉಳಿಸಿದ್ದು ಇನ್ನೊಂದು. ನಮ್ಮ ನದಿಯಲ್ಲಿ ಹಡಗು ಇಲ್ಲವಾದ್ದರಿಂದ ಆ ಒಡ್ಡುಗಳು ನಮಗೆ ಬೇಡ. ಆದರೆ ಬಳಕೆಯನ್ನು ಒಪ್ಪಿಕೊಂಡೇ ಲೆಕ್ಕ ಕೇಳುವ ಆ ಕ್ರಮ ನಮಗೆ ಬೇಕು.

ಕಬಿನಿ ಜಲಾನಯನದ ಮಾರ್ಪಾಡು ಆರಂಭವಾದದ್ದು ಕಟ್ಟೆಗಳಿಂದ. ಹುಲ್ಲಹಳ್ಳಿಯ ಬಳಿ ನದಿಗೆ ಅಡ್ಡಲಾಗಿ ಹಾಕಿದ ಅಣೆಕಟ್ಟೆಯಿಂದ ರಾಂಪುರ ನಾಲೆ ಹೊರಡುತ್ತದೆ. ತಲಕಾಡಿನ ಕಡೆ ಕಾವೇರಿಯಲ್ಲಿರುವ ಮಾಧವಮಂತ್ರಿ ಅಣೆಕಟ್ಟೆಯೂ ಇದೇ ಜಾತಿಯದು. ಇವುಗಳ ರಚನೆ ಸರಳ. ಕಲ್ಲಿನ ತಗ್ಗು ಗೋಡೆ ನೀರಿನ ಮಟ್ಟವನ್ನು ಸ್ವಲ್ಪ ಎತ್ತರಿಸುತ್ತದೆ, ಬೇಕಾದಷ್ಟು ನೀರು ನಾಲೆಗೆ ಹೋಗುತ್ತದೆ, ಉಳಿದದ್ದು ಗೋಡೆಯ ಮೇಲೆ ಹಾದು ಮುಂದೆ ಸಾಗುತ್ತದೆ. ಮಳೆಗಾಲದ ದೊಡ್ಡ ನೀರಿಗೆ ಇಂಥ ಗೋಡೆ ಅಡ್ಡಿಯೇ ಅಲ್ಲ. ತೆರಕಣಾಂಬಿ, ಗುಂಡ್ಲುಪೇಟೆ ಕಡೆಯ ಕೆರೆಗಳಲ್ಲೂ ಇದೇ ತರ್ಕ. ಏರಿ ನೀರನ್ನು ನಿಲ್ಲಿಸುತ್ತದೆ, ತೂಬು ಗದ್ದೆಗೆ ಕೊಡುತ್ತದೆ, ಕೋಡಿ ಹೆಚ್ಚಾದದ್ದನ್ನು ಕೆಳಗಿನ ಕೆರೆಗೆ ಕಳಿಸುತ್ತದೆ. ಮೇಲಿನ ಊರಿನ ಕೋಡಿ ಬಿದ್ದರೆ ಮಾತ್ರ ಕೆಳಗಿನ ಊರಿಗೆ ನೀರು. ಕೋಡಿಯ ಮಟ್ಟವನ್ನು ಗುಟ್ಟಾಗಿ ಎತ್ತರಿಸಿದರೆ ಊರೂರಿಗೆ ಜಗಳವಾಗುವುದು ಇದೇ ಕಾರಣಕ್ಕೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ನಂಜನಗೂಡಿನಲ್ಲಿ ಕಬಿನಿಯನ್ನು ಸೇರುವ ಗುಂಡ್ಲುಹೊಳೆ, ಅಂದರೆ ಪುರಾಣದ ಕೌಂಡಿನ್ಯೆ, ಬಹುಮಟ್ಟಿಗೆ ಹೀಗೆ ಕೆರೆಗಳಿಂದ ಕೆರೆಗಳಿಗೆ ದಾಟಿಕೊಂಡೇ ಹೋಗುತ್ತಿತ್ತು.

ಹಳೆಯದೆಲ್ಲ ನಿರಪರಾಧಿ ಎಂದು ಹೇಳುತ್ತಿಲ್ಲ. ಬೇಸಿಗೆಯಲ್ಲಿ ಅಣೆಕಟ್ಟೆಯ ಕೆಳಗೆ ನದಿ ಒಣಗುವುದು ಹೊಸ ಸಂಗತಿಯಲ್ಲ, ತಗ್ಗು ನೀರಿನಲ್ಲಿ ಆ ಗೋಡೆ ಮೀನಿಗೆ ಗೋಡೆಯೇ. ಆದರೂ ಮಳೆಗಾಲದಲ್ಲಿ ನದಿ ತನ್ನ ಏರಿಳಿತವನ್ನು ಉಳಿಸಿಕೊಂಡಿತ್ತು. ಮೀನಿಗೆ ಮೊಟ್ಟೆಯಿಡುವ ಕಾಲವನ್ನು ತಿಳಿಸುವುದು ಈ ಏರಿಳಿತ. ಮರಳನ್ನು ಹೊತ್ತು ತಂದು ದಡ ಕಟ್ಟುವುದೂ ಅದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಲೆಗಳ ಉಸ್ತುವಾರಿ ಸರ್ಕಾರಿ ಇಲಾಖೆಯ ಕೈಗೆ ಬಂತು. ಆನೆ ಹಿಡಿಯುವುದರಲ್ಲಿ ಹೆಸರಾದ ಜಿ.ಪಿ. ಸ್ಯಾಂಡರ್ಸನ್ ಮೂಲತಃ ನಾಲೆಗಳ ಅಧಿಕಾರಿ, ಚಾಮರಾಜನಗರದ ಸುತ್ತ ನೆಲೆಸಿದ್ದವನು. 1874ರಲ್ಲಿ ಅವನು ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ್ದು ಸುವರ್ಣಾವತಿಯ, ಅಂದರೆ ಊರವರ ಹೊನ್ನುಹೊಳೆಯ, ಆಸುಪಾಸಿನಲ್ಲಿ. ಆನೆ ಯಾವ ಕಾಲದಲ್ಲಿ ಯಾವ ಕಡವಿನಲ್ಲಿ ನೀರಿಗಿಳಿಯುತ್ತದೆ ಎಂಬ ತಿಳಿವಳಿಕೆ ಅವನಿಗೆ ನಾಲೆ ಸುತ್ತುವ ಕೆಲಸದಲ್ಲೇ ಬಂದಿರಬೇಕು ಎಂಬುದು ನನ್ನ ಊಹೆ. ಮುಂದೆ ಕಾಕನಕೋಟೆಯ ಖೆಡ್ಡಾಗಳಲ್ಲಿ ಕಬಿನಿಯನ್ನೇ ದಾಟಿಸಿ ಆನೆ ಹಿಡಿಯುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಮೂರು ವರ್ಷದ ನಂತರ, 1974ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಬಿನಿ ಜಲಾಶಯ ಸಿದ್ಧವಾಯಿತು. ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ. ಉಪನದಿ ನುಗುವಿಗೆ ಅದಕ್ಕೂ ಮೊದಲೇ ಜಲಾಶಯವಾಗಿತ್ತು. ಚಾಮರಾಜನಗರದ ಕಡೆ ಸುವರ್ಣಾವತಿಗೂ ಚಿಕ್ಕಹೊಳೆಗೂ ಆದವು. ಕಬಿನಿಯ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ಗುರುತಿಸಲಾದ ಕಿತ್ತೂರೂ ಮುಳುಗಿತು. ಇಲ್ಲಿಂದ ಮುಂದೆ ನದಿಯ ಏರಿಳಿತವನ್ನು ತೀರ್ಮಾನಿಸುವುದು ಮಳೆಯಲ್ಲ, ಗೇಟು. ಕೋಡಿ ತಾನಾಗಿ ಬೀಳುತ್ತದೆ. ಅಣೆಕಟ್ಟಿನ ನೆತ್ತಿಯ ಕ್ರೆಸ್ಟ್‌ಗೇಟನ್ನು ಯಾರಾದರೂ ಎತ್ತಬೇಕು. ಎಷ್ಟು, ಯಾವಾಗ ಎನ್ನುವುದಕ್ಕೆ ಭತ್ತದ ವೇಳಾಪಟ್ಟಿ, ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುವ ಬಿಳಿಗುಂಡ್ಲುವಿನ ಮಾಪನಕೇಂದ್ರ, ಪ್ರವಾಹದ ಭಯ ಇವೆಲ್ಲ ಕಾರಣವಾಗುತ್ತವೆ. ಮೀನಿನ ಹಂಗಾಮು ಆ ಪಟ್ಟಿಯಲ್ಲಿಲ್ಲ.

ಆದರೆ ಇದೇ ಜಲಾಶಯ ಹೊಸದೊಂದು ಪರಿಸರವನ್ನೂ ಹುಟ್ಟಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತೇವದ ನೆಲದಲ್ಲಿ ಹಸಿಹುಲ್ಲು ಏಳುತ್ತದೆ. ಬಂಡೀಪುರ, ನಾಗರಹೊಳೆ ಕಾಡುಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಬಂದು ಸೇರುತ್ತವೆ. ಕಾಡಿನೊಳಗಿನ ಹಳ್ಳಗಳು ಬತ್ತಿದ ತಿಂಗಳುಗಳಲ್ಲಿ ಅವಕ್ಕೆ ಅದೇ ಆಧಾರ. ಅಣೆಕಟ್ಟು ಒಡೆದರೆ ನದಿ ಉದ್ಧಾರವಾಗುತ್ತದೆ ಎನ್ನುವವರು ಈ ಹುಲ್ಲುಗಾವಲಿಗೆ ಏನು ಹೇಳುತ್ತಾರೆ? ಮಾರ್ಪಟ್ಟ ನದಿಯ ಪ್ರಶ್ನೆ ಜಟಿಲವಾಗುವುದು ಇಂಥಲ್ಲಿ.

ನಂಜನಗೂಡಿನ ಕೊಳಚೆಯ ಪ್ರಶ್ನೆಯಲ್ಲಿ ಅಂಥ ಜಟಿಲತೆ ಏನೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ನದಿಗಳಲ್ಲಿ 351 ಕಲುಷಿತ ಭಾಗಗಳನ್ನು ಗುರುತಿಸಿತು. ಅವುಗಳಲ್ಲಿ 17 ಕರ್ನಾಟಕದವು, ನಂಜನಗೂಡಿನ ಬಳಿಯ ಕಬಿನಿ ಅವುಗಳಲ್ಲಿ ಒಂದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರತಿಯೊಂದು ಭಾಗಕ್ಕೂ ಕ್ರಿಯಾಯೋಜನೆ ಕೇಳಿತು. ಗುಂಡ್ಲುಹೊಳೆ ಬಂದು ಸೇರುವುದೂ ನಂಜನಗೂಡಿನಲ್ಲೇ. ಅಣೆಕಟ್ಟಿನಿಂದ ಬಿಡುವ ನೀರು ಕಡಿಮೆಯಾದ ತಿಂಗಳಲ್ಲಿ ಅಷ್ಟೇ ಕೊಳಚೆ ಹೆಚ್ಚು ಗಾಢವಾಗುತ್ತದೆ. ಹರಿವಿನ ಪ್ರಮಾಣವನ್ನು ಜಲಸಂಪನ್ಮೂಲ ಇಲಾಖೆಗೂ ಗುಣಮಟ್ಟವನ್ನು ಮಾಲಿನ್ಯ ಮಂಡಳಿಗೂ ಹಂಚಿಕೊಟ್ಟ ನಮ್ಮ ಆಡಳಿತದಲ್ಲಿ ಈ ಎರಡನ್ನೂ ಒಟ್ಟಿಗೆ ನೋಡುವ ಕುರ್ಚಿ ಇಲ್ಲ.

ಇನ್ನೂ ಕೆಳಗೆ, ಕಬಿನಿ ಹೋಗಿ ಸೇರುವ ಕಾವೇರಿಯಲ್ಲಿ ಶಿವನಸಮುದ್ರ ದಾಟಿದ ಮೇಲೆ, ಡುಬ್ಬದ ಮಹಶೀರ್ ಮೀನಿದೆ. ಬೇಟೆಗಾರರು ಶತಮಾನಕ್ಕೂ ಮಿಕ್ಕಿ ಕೊಂಡಾಡಿದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು, ಟಾರ್ ರೆಮಾದೇವಿ, ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಗುಂಡ್ಲುಪೇಟೆ ತಾಲ್ಲೂಕಿನ ದಕ್ಷಿಣದ ಗಡಿಯಾದ ಮೋಯಾರ್ ಹೊಳೆ ಅದರ ಉಳಿದ ಕೆಲವೇ ನೆಲೆಗಳಲ್ಲಿ ಒಂದು. ಆ ಹೊಳೆಯ ಹರಿವನ್ನೂ ಮೇಲ್ಗಡೆ ನೀಲಗಿರಿಯ ವಿದ್ಯುತ್ ಯೋಜನೆಗಳು ಆಳುತ್ತವೆ.

ನದಿಯ ಪಾಲಿಗೇ ಎಂದು ಎಷ್ಟು ನೀರಿದೆ? ಇದಕ್ಕೆ ಉತ್ತರ ಕೊಟ್ಟ ದಾಖಲೆ ಕಾವೇರಿ ಜಲವಿವಾದ ನ್ಯಾಯಮಂಡಳಿಯ 2007ರ ಫೆಬ್ರುವರಿ 5ರ ಅಂತಿಮ ತೀರ್ಪು. ಒಟ್ಟು 740 ಟಿಎಂಸಿಯಲ್ಲಿ ಪರಿಸರಕ್ಕೆ 10, ಅನಿವಾರ್ಯವಾಗಿ ಸಮುದ್ರ ಸೇರುವುದಕ್ಕೆ 4. ಎರಡೂ ಸೇರಿ ಶೇಕಡಾ ಎರಡಕ್ಕೂ ಕಡಿಮೆ. ಸುಪ್ರೀಂ ಕೋರ್ಟು 2018ರಲ್ಲಿ ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿದಾಗ ನಮ್ಮಲ್ಲಿ ಎಲ್ಲರೂ ಆ 14.75ರ ಬಗ್ಗೆ ಮಾತಾಡಿದರು. ಪರಿಸರದ ಆ 10ರ ಬಗ್ಗೆ ಕರ್ನಾಟಕ, ತಮಿಳುನಾಡು ಎರಡರಲ್ಲೂ ಚಳವಳಿ ನಡೆಯಲಿಲ್ಲ. ರಾಜ್ಯಗಳ ವ್ಯಾಜ್ಯದಲ್ಲಿ ನದಿ ಕಕ್ಷಿದಾರನಲ್ಲ.

ಈ ಹಿನ್ನೆಲೆಯಲ್ಲಿ ತೆರಕಣಾಂಬಿಯ ಕಡೆಯ ಕೆರೆ ತುಂಬಿಸುವ ಯೋಜನೆಯನ್ನು ನೋಡಬೇಕು. ಆಲಂಬೂರು ಏತದಿಂದ ಎತ್ತಿದ ಕಬಿನಿ ನೀರು ಹುತ್ತೂರು ಕೆರೆಗೆ, ಅಲ್ಲಿಂದ ವಡ್ಡಗೆರೆಯತ್ತ ಹೋಗುವುದಕ್ಕೆ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು. ಅರಿಶಿನ, ಈರುಳ್ಳಿ, ಚೆಂಡುಹೂವಿಗೆ ಕೊರೆದ ಕೊಳವೆಬಾವಿಗಳಿಂದ ಗುಂಡ್ಲುಪೇಟೆ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿ ಸೇರಿದೆ, ಕೆರೆ ತುಂಬಿದ ಕಡೆ ಬಾವಿ ಮತ್ತೆ ನೀರು ಕೊಡುತ್ತದೆ. ಆದರೆ ಪೈಪಿನಲ್ಲಿ ಬಂದ ನೀರಿಗೆ ಒಂದು ಗುಣವಿದೆ. ಅದು ಕೆರೆಯಲ್ಲಿ ನಿಲ್ಲುತ್ತದೆ, ತಾನಾಗಿ ಮುಂದೆ ಹೋಗುವುದಿಲ್ಲ. ಕೋಡಿಯ ಹಳ್ಳ ಒತ್ತುವರಿಯಾಗಿದ್ದರೆ, ಗಿಡಗಂಟಿ ಬೆಳೆದು ಮುಚ್ಚಿದ್ದರೆ, ಕೆರೆ ತುಂಬಿಯೂ ಹೊಳೆ ಒಣಗಿಯೇ ಇರುತ್ತದೆ. ಕೆರೆಗೆ ನೀರು ತರುವ ಹಣದಲ್ಲಿ ಒಂದಂಶವನ್ನು ಕೋಡಿಹಳ್ಳಗಳ ಅಳತೆಗೂ ತೆರವಿಗೂ ಕಾನೂನಿನಂತೆಯೇ ಮೀಸಲಿಡಬೇಕೆಂಬುದು ನನ್ನ ವಾದ.

ಕಬಿನಿಯಲ್ಲಿ ಆರಂಭಿಸಬೇಕಾದ ಜಾಗ ಬೀಚನಹಳ್ಳಿಯಲ್ಲ, ಹುಲ್ಲಹಳ್ಳಿ. ತಗ್ಗು ಗೋಡೆಯ ಪಕ್ಕದಲ್ಲಿ ಕಲ್ಲು ಜೋಡಿಸಿ ಮೀನು ಹತ್ತುವ ಇಳಿಜಾರು ಮಾಡುವುದು ದೊಡ್ಡ ಎಂಜಿನಿಯರಿಂಗ್ ಅಲ್ಲ, ನಾಲೆಯ ನೀರಿಗೂ ಅದರಿಂದ ಹೆಚ್ಚು ನಷ್ಟವಿಲ್ಲ. ದೊಡ್ಡ ಜಲಾಶಯದ ಪಾಲಿನ ಕೆಲಸ ಬೇರೆ. ತಮಿಳುನಾಡಿಗೆ ಹೇಗೂ ಬಿಡಬೇಕಾದ ನೀರನ್ನೇ ಮುಂಗಾರಿನ ಆರಂಭದಲ್ಲಿ ಒಮ್ಮೆ ಏರಿಸಿ, ನಿಧಾನವಾಗಿ ಇಳಿಸಿ ಬಿಟ್ಟರೆ ಹೊಸದಾಗಿ ಒಂದು ಹನಿಯನ್ನೂ ಯಾರಿಂದಲೂ ಕೇಳಬೇಕಾಗಿಲ್ಲ. ಬಿಳಿಗುಂಡ್ಲುವಿನಲ್ಲಿ ತೀರ್ಪು ಕೇಳುವುದು ತಿಂಗಳ ಲೆಕ್ಕ, ಅದನ್ನು ಹತ್ತು ಹತ್ತು ದಿನಗಳಿಗೆ ಹಂಚಲಾಗುತ್ತದೆ. ದಿನದಿನದ ಏರಿಳಿತವನ್ನು ಆ ಲೆಕ್ಕದೊಳಗೇ ಹೊಂದಿಸಲು ಅವಕಾಶವಿದೆ.