ಪದವಿ ಮತ್ತು ಕಾಯಕ



ಜಾತ್ರೆ ಸಮೀಪಿಸಿತೆಂದು ಹೋದ ತಿಂಗಳು ತೇರಿನ ಗಾಲಿಯ ದುರಸ್ತಿಗಾಗಿ ವೃದ್ಧ ಬಡಿಗರೊಬ್ಬರನ್ನು ಶ್ರೀಮಠಕ್ಕೆ ಕರೆಸಿದ್ದೆವು. ಕೈ ನಡುಗುತ್ತಿತ್ತು. ಮಗನನ್ನು ಏಕೆ ಕರೆತರಲಿಲ್ಲವೆಂದು ಕೇಳಿದೆವು. “ಅಂವ ಬಿ.ಎ. ಮುಗಿಸ್ಯಾನ್ರಿ ಅಜ್ಜಾರ. ಬಾಚಿ ಹಿಡಿ ಅಂದ್ರ, ಬಾಚಿ ಹಿಡಿದವಗ ಹೆಣ್ಣ ಯಾರ ಕೊಡತಾರ ಅಂತಾನ” ಎಂದರು. ಆ ಮಗನಿಗೆ ನೌಕರಿಯೂ ಸಿಕ್ಕಿಲ್ಲ. ಗಾಲಿಗೆ ಕೈ ಇಲ್ಲ, ಕೈಗೆ ಕೆಲಸವಿಲ್ಲ. ಈ ವಿಪರೀತ ಹೇಗೆ ಬಂದಿತೆಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಸಂಸ್ಕೃತದಲ್ಲಿ ‘ಪದವೀ’ ಎಂದರೆ ಮೊದಲು ದಾರಿ ಎಂದರ್ಥ. ನಡೆಯುವವನ ಹೆಜ್ಜೆ ಬಿದ್ದ ಜಾಡು. ಆಮೇಲೆ ಅದಕ್ಕೆ ಸ್ಥಾನವೆಂಬ ಅರ್ಥವೂ ಸೇರಿತು. ಕನ್ನಡದಲ್ಲಿ ಕಾಲೇಜಿನ ಪರೀಕ್ಷೆಗೂ ಪದವಿ ಎನ್ನುತ್ತೇವೆ, ಅಧಿಕಾರದ ಸ್ಥಾನಕ್ಕೂ ಪದವಿ ಎನ್ನುತ್ತೇವೆ. ಈ ಎರಡನ್ನೂ ಒಂದಕ್ಕೊಂದು ಗಂಟು ಹಾಕಿದ್ದು ಇಂಗ್ಲಿಷರ ಆಳ್ವಿಕೆ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್, ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಸರಕಾರಿ ಕೆಲಸದಲ್ಲಿ ಮೊದಲ ಮನ್ನಣೆಯೆಂದು ನಿರ್ಣಯಿಸಿದನು. 1854ರಲ್ಲಿ ಚಾರ್ಲ್ಸ್ ವುಡ್ ಕಳುಹಿಸಿದ ಶಿಕ್ಷಣದ ಆದೇಶಪತ್ರ ಬಂದಿತು. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳಾದವು. ಅಂದಿನಿಂದ ಓದು ಕಚೇರಿಯ ಬಾಗಿಲಿಗೆ ಬೀಗದ ಕೈಯಾಯಿತು. ಕುಲುಮೆ, ಮಗ್ಗ, ನೇಗಿಲು ಆ ಬಾಗಿಲಿನ ಹೊರಗೇ ಉಳಿದವು.

ಇದರಲ್ಲಿ ಮಠಗಳ ಪಾಲೂ ಇದೆಯೆಂಬುದನ್ನು ನಾವು ಮುಚ್ಚಿಡಲಾರೆವು. ನಮ್ಮ ಸಮಾಜ ವಿದ್ಯೆಯಲ್ಲಿ ಹಿಂದುಳಿದಿದ್ದ ಕಾಲದಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು 1904ರಲ್ಲಿ ಧಾರವಾಡದಲ್ಲಿ ಮಹಾಸಭೆ ಕೂಡಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಮಠಗಳು ಜೋಳಿಗೆ ಹಿಡಿದು ಕಾಳು ಕೂಡಿಸಿ ಪ್ರಸಾದ ನಿಲಯ ನಡೆಸಿದವು. ಅದು ಪುಣ್ಯದ ಕೆಲಸ. ಆ ಅನ್ನ ಉಂಡವರು ನಾಡನ್ನು ಬೆಳಗಿದರು. ಆದರೆ ಓದಿ ಸಾಹೇಬನಾಗಿ ಬಂದವನಿಗೆ ನಾವು ಹಾರ ಹಾಕಿದೆವು, ಓದಿ ಹೊಲಕ್ಕೆ ಮರಳಿದವನನ್ನು ವೇದಿಕೆಗೆ ಕರೆಯಲಿಲ್ಲ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಹಾರವನ್ನು ನೋಡಿ ಕಲಿತರು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ವಿದ್ಯೆ ಕಲಿಸಬೇಕೆಂದರು. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವೂ ಶಾಲೆಯಲ್ಲಿ ದುಡಿಮೆಯ ಅನುಭವ ಬೇಕೆಂದಿತು. ಕೇಳಿದೆವು, ಮರೆತೆವು. ಫಲವನ್ನು ಈಗ ಉಣ್ಣುತ್ತಿದ್ದೇವೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು, ತಮಗೆ ಹೆಣ್ಣು ಸಿಗಲೆಂದು ಬೇಡಿಕೊಳ್ಳಲು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕೆಲವರು ನಕ್ಕರು. ನಮಗೆ ನಗು ಬರಲಿಲ್ಲ. ಅನ್ನ ಬೆಳೆಯುವವನಿಗೆ ಮಗಳನ್ನು ಕೊಡಲು ಹಿಂಜರಿಯುವ ಸಮಾಜಕ್ಕೆ, ಕಳೆ ತೆಗೆಯಲು ಆಳು ಸಿಗುತ್ತಿಲ್ಲವೆಂದು ಗೊಣಗುವ ಅಧಿಕಾರವೆಲ್ಲಿಯದು?

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಅಲ್ಲಿ ಬಿಜ್ಜಳನ ಭಂಡಾರಿ ಬಸವಣ್ಣನವರಿದ್ದರು. ಬಟ್ಟೆ ಒಗೆಯುವ ಮಾಚಯ್ಯನವರು, ದೋಣಿ ನಡೆಸುವ ಚೌಡಯ್ಯನವರು, ಬುಟ್ಟಿ ಹೆಣೆಯುವ ಕೇತಯ್ಯನವರೂ ಇದ್ದರು. ಅನುಭಾವದ ಗೋಷ್ಠಿಗೆ ಬರುವಾಗ ಯಾರೂ ತಮ್ಮ ಕಸುಬಿಗೆ ನಾಚಿ ಬರಲಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ನುಲಿಯ ಚಂದಯ್ಯನವರು ವಚನಕಾರರೂ ಹೌದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಅಂಥ ವಿವೇಕ ಯಾವ ಪರೀಕ್ಷೆಯಿಂದ ಬಂದೀತು? ಕೈಯೂ ಬುದ್ಧಿಯೂ ಒಂದೇ ಮನೆಯಲ್ಲಿ ಬಾಳಿದ ಕಾಲವದು.

ಆದರೆ ಒಂದು ಮಾತನ್ನು ತಪ್ಪಾಗಿ ತಿಳಿಯಬಾರದು. ಬಡಿಗನ ಮಗ ಬಡಿಗನೇ ಆಗಲಿ, ಕೂಲಿಯವನ ಮಗ ಕೂಲಿಯವನೇ ಆಗಲಿ ಎಂದು ನಾವು ಹೇಳುತ್ತಿಲ್ಲ. ಶರಣರು ಮುರಿದದ್ದು ಅದೇ ಸಂಕೋಲೆಯನ್ನು. ಬಡವರ ಮಕ್ಕಳು ಓದಲೇಬೇಕು. ನಾವು ಕೇಳುವುದು ಇಷ್ಟು: ಓದಿದ ಗೌಡರ ಮಗನೂ ಗರಗಸ ಹಿಡಿಯಲು ನಾಚದಿರಲಿ, ಹಿಡಿದವನಿಗೆ ತಕ್ಕ ಕೂಲಿಯೂ ಕುಳಿತುಕೊಳ್ಳಲು ಸಮನಾದ ಗದ್ದುಗೆಯೂ ಸಿಗಲಿ. ಕೂಲಿಯಲ್ಲಿ ಜಿಪುಣತನ, ಮಾತಿನಲ್ಲಿ ಕಾಯಕದ ಹೊಗಳಿಕೆ, ಇವೆರಡೂ ಒಂದೇ ಬಾಯಲ್ಲಿ ಇರಬಾರದು.

ಬರುವ ಜಾತ್ರೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳೊಡನೆ, ಗಾಲಿ ದುರಸ್ತಿ ಮಾಡಿದ ಆ ವೃದ್ಧರನ್ನೂ ಅದೇ ವೇದಿಕೆಯಲ್ಲಿ ಕೂರಿಸಿ ಸತ್ಕರಿಸಲು ನಿಶ್ಚಯಿಸಿದ್ದೇವೆ. ಪ್ರಸಾದ ನಿಲಯದ ಹುಡುಗರಲ್ಲಿ ಮನಸ್ಸುಳ್ಳವರು ರಜೆಯಲ್ಲಿ ಅವರ ಬಳಿ ಕೆಲಸ ಕಲಿಯಲಿ. ನೀವೂ ಮಗಳಿಗೆ ವರನನ್ನು ನೋಡುವಾಗ, ಯಾವ ಪದವಿಯಿದೆ ಎಂದು ಕೇಳುವ ಮುನ್ನ ಯಾವ ಕಾಯಕ ಮಾಡುತ್ತೀ ಎಂದು ಕೇಳಿರಿ. ಪದವಿ ಮತ್ತೆ ದಾರಿಯಾಗಲಿ. ಆ ದಾರಿ ಕಾಯಕದ ಕಡೆಗೆ ನಡೆಯಲಿ.