ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಲಂಬರೇಖೆ ಮತ್ತು ಅಸಮತೆ

ಎಕ್ಸ್ = 3 ಎಂಬ ಸಮೀಕರಣದ ನಕ್ಷೆ ವೈ-ಅಕ್ಷಕ್ಕೆ ಸಮಾಂತರವಾಗಿ ನೆಟ್ಟಗೆ ನಿಲ್ಲುವ ಒಂದು ಗೆರೆ; ಅದರ ಬಲಕ್ಕಿರುವ ಬಯಲೆಲ್ಲ ಎಕ್ಸ್ > 3 ಎಂಬ ಅಸಮತೆಯ ನಕ್ಷೆ. ಗ್ರಾಫ್ ಹಾಳೆಯ ಮೇಲೆ ಸ್ಕೇಲಿಟ್ಟು ಎಳೆದರೆ ಮುಗಿಯುವ ಈ ಗೆರೆಯನ್ನು ಗ್ರಾಫಿಂಗ್ ಕ್ಯಾಲ್ಕುಲೇಟರಿನಿಂದ ಬರೆಸಲು ಬಹುಕಾಲ ಬಳಸುದಾರಿ ಹಿಡಿಯಬೇಕಾಗಿತ್ತು.

ಇದಕ್ಕೆ ಕಾರಣ ಯಂತ್ರದ ರಚನೆಯಲ್ಲೇ ಇದೆ. 1985ರಲ್ಲಿ ಬಂದ ಕ್ಯಾಸಿಯೊ ಎಫ್‌ಎಕ್ಸ್-7000ಜಿ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್. ಅದರ ಪರದೆಯಲ್ಲಿದ್ದದ್ದು ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕಿಗಳು. ಯಂತ್ರ ಎಡದಿಂದ ಬಲಕ್ಕೆ ಒಂದೊಂದೇ ಕಂಬಸಾಲಿಗೆ ಎಕ್ಸ್ ಬೆಲೆ ಹಿಡಿದು, ಅದಕ್ಕೆ ತಕ್ಕ ವೈ ಬೆಲೆ ಲೆಕ್ಕಹಾಕಿ, ಚುಕ್ಕಿ ಹೊತ್ತಿಸುತ್ತಾ ಸಾಗುತ್ತದೆ. ಒಂದು ಎಕ್ಸ್‌ಗೆ ಒಂದೇ ವೈ ಇದ್ದರೆ ಮಾತ್ರ ಈ ಕ್ರಮ ನಡೆಯುತ್ತದೆ. ಲಂಬರೇಖೆಯಲ್ಲಾದರೋ ಒಂದೇ ಎಕ್ಸ್‌ಗೆ ವೈ ಬೆಲೆಗಳು ಅನಂತ. ಅದು ಫಲನವೇ ಅಲ್ಲ; ಆದ್ದರಿಂದ ‘ವೈ =’ ಎಂದು ಶುರುವಾಗುವ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ (ಟಿಐ) ಕಂಪನಿ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದದ್ದೂ 1985ರಲ್ಲೇ. ಅದೇ ಕಂಪನಿ 1990ರಲ್ಲಿ ಟಿಐ-81 ಕ್ಯಾಲ್ಕುಲೇಟರನ್ನು ಅಮೆರಿಕದ ಶಾಲೆಗಳಿಗೆ ಕೊಟ್ಟಿತು.

ಮುಂದಿನ ಟಿಐ-82 ಮಾದರಿಯ ‘ಡ್ರಾ’ ಪಟ್ಟಿಯಲ್ಲಿ ‘ವರ್ಟಿಕಲ್’ ಎಂಬ ಆಜ್ಞೆ ಇತ್ತು. ಅದರಿಂದ ಮೂಡುವುದು ಬರೀ ಚಿತ್ರ: ಕಿಟಕಿಯ ಅಳತೆ ಬದಲಿಸಿದರೆ ಅಳಿಸಿಹೋಗುತ್ತದೆ, ಬೇರೆ ಗೆರೆಯೊಡನೆ ಅದರ ಛೇದನಬಿಂದು ಕೇಳಿದರೆ ಯಂತ್ರ ಹೇಳಲಾರದು. ವೈ = 1000(ಎಕ್ಸ್ − 3) ಎಂದು ವಿಪರೀತ ಕಡಿದಾದ ಗೆರೆ ಬರೆಸಿ ಲಂಬರೇಖೆಯೆಂದು ಒಪ್ಪಿಕೊಳ್ಳುವ ಉಪಾಯವೂ ಬಳಕೆಗೆ ಬಂತು. ಇದನ್ನು ಮಕ್ಕಳಿಗೆ ಕಲಿಸದಿರುವುದೇ ಒಳ್ಳೆಯದು. ಅಡ್ಡಕ್ಕೆ ಹಿಗ್ಗಿಸಿ ನೋಡಿದರೆ ಗೆರೆ ವಾಲಿರುವುದು ಕಾಣುತ್ತದೆ, ಇಳಿಜಾರೇ ಇಲ್ಲದ ಗೆರೆಗೆ ಇಳಿಜಾರಿದೆಯೆಂಬ ತಪ್ಪು ಕಲ್ಪನೆ ಉಳಿಯುತ್ತದೆ. ಕ್ಯಾಸಿಯೊ 9850 ಸರಣಿಯಲ್ಲಿ ‘ಎಕ್ಸ್ = ಸ್ಥಿರಾಂಕ’ ಎಂಬ ಪ್ರತ್ಯೇಕ ನಕ್ಷೆಯ ಬಗೆಯೇ ಸಿಕ್ಕಿತು.

ಗಣಿತಕ್ಕೆ ನಿಷ್ಠವಾದ ದಾರಿ ಪ್ಯಾರಾಮೆಟ್ರಿಕ್ ವಿಧಾನ: ಎಕ್ಸ್ = 3, ವೈ = ಟಿ ಎಂದು ಎರಡನ್ನೂ ಬೇರೆಬೇರೆಯಾಗಿ ಕೊಡುವುದು. ಟಿ ಬದಲಾದಂತೆ ಬಿಂದು ಮೇಲೇರುತ್ತದೆ, ಎಕ್ಸ್ ಕದಲುವುದಿಲ್ಲ. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪುಗಳಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ನಡೆಸುವವರಿಗೆ ಹೀಗೆ ಎರಡನ್ನೂ ಬೇರೆಬೇರೆಯಾಗಿ ಕೊಡುವುದು ದಿನನಿತ್ಯದ ಕೆಲಸ. ಮಿಲ್ಲಿಂಗ್ ಯಂತ್ರದ ಪ್ರೋಗ್ರಾಮಿನಲ್ಲಿ ಜಿ01 ಆಜ್ಞೆಯ ಮುಂದೆ ವೈ ಬೆಲೆಯನ್ನಷ್ಟೇ ಬರೆದರೆ ಟೂಲು ವೈ ದಿಕ್ಕಿನಲ್ಲಿ ನೇರವಾಗಿ ಕೊರೆಯುತ್ತದೆ. ಅಲ್ಲಿ ವೈ ಎಂಬುದು ಎಕ್ಸ್‌ನ ಫಲನವಾಗಿರಬೇಕೆಂಬ ಕಟ್ಟುಪಾಡೇ ಇಲ್ಲ. ಕ್ಯಾಲ್ಕುಲೇಟರಿಗೆ ತೊಡಕಾದದ್ದು ಸಿಎನ್‌ಸಿಗೆ ಸಲೀಸಾದದ್ದು ಇದರಿಂದಲೇ.

ಕ್ಯಾಲ್ಕುಲೇಟರಿನಲ್ಲಿ ಲಂಬರೇಖೆಯ ಬೆನ್ನಿಗೇ ಅಸಮತೆಯ ನಕ್ಷೆಯೂ ಬಂತು. 1996ರ ಟಿಐ-83ರಲ್ಲಿ ‘ವೈ =’ ಎಂಬುದರ ಎಡಬದಿಯ ಗುರುತು ಬದಲಿಸಿ ಗೆರೆಯ ಮೇಲ್ಭಾಗಕ್ಕೋ ಕೆಳಭಾಗಕ್ಕೋ ಛಾಯೆ ತುಂಬಬಹುದಾಗಿತ್ತು; ಎಡ-ಬಲದ ಛಾಯೆಗೆ ಅಲ್ಲಿ ಅನುಕೂಲವಿರಲಿಲ್ಲ. ಟಿಐ-83 ಪ್ಲಸ್‌ನಲ್ಲಿ ಹೊಸ ಆ್ಯಪ್ ತುಂಬುವ ಸೌಲಭ್ಯ ಬಂದ ಮೇಲೆ, ಅಸಮತೆಗೆಂದೇ ಮಾಡಿದ ಆ್ಯಪ್ ‘ಎಕ್ಸ್ =’ ಸಾಲನ್ನೂ ತೆರೆದು ಈ ಕೊರತೆ ನೀಗಿಸಿತು.

ಬೆಂಗಳೂರಿನ ವೈಟ್‌ಫೀಲ್ಡ್–ಸರ್ಜಾಪುರ ಭಾಗದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಶಾಲೆಗಳಲ್ಲಿ ಇಂಥ ಕ್ಯಾಲ್ಕುಲೇಟರ್ ಪಠ್ಯದ ಅಗತ್ಯ ಸಾಮಗ್ರಿ, ಏಕೆಂದರೆ ಐಬಿ ಡಿಪ್ಲೊಮಾದ ಗಣಿತ ಪರೀಕ್ಷೆಗೆ ಅದು ಬೇಕೇ ಬೇಕು. ಪೀಣ್ಯದ ಪಿಯು ಕಾಲೇಜಿನ ಹುಡುಗಿಯಾದರೋ ರೇಖೀಯ ಪ್ರೋಗ್ರಾಮಿಂಗ್ ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲೇ ಬಿಡಿಸುತ್ತಾಳೆ. ಎಕ್ಸ್ ≤ 4 ಎಂಬ ನಿರ್ಬಂಧ ಬಂದರೆ ಗೆರೆ ಎಳೆದು, (0, 0) ಹಾಕಿ ಪರೀಕ್ಷಿಸಿ, ಯಾವ ಬದಿ ಎಂದು ತಾನೇ ತೀರ್ಮಾನಿಸಿ, ಕಡೆಗೆ ಎಲ್ಲ ನಿರ್ಬಂಧಗಳಿಗೂ ಒಪ್ಪುವ ಪ್ರದೇಶದ (ಫೀಸಿಬಲ್ ರೀಜನ್) ಮೂಲೆಗಳನ್ನು ಗುರುತಿಸಬೇಕು. ಈ ಶ್ರಮ ಕಿರಿದಲ್ಲ. ಯಾವ ಬದಿ, ಏಕೆ ಎಂಬ ಪ್ರಶ್ನೆಗೆ ಉತ್ತರ ಕೈಗೆ ಹತ್ತುವುದು ಇಲ್ಲಿ. ಗುಂಡಿ ಒತ್ತಿ ಛಾಯೆ ಪಡೆದವರಿಗೂ ಒಮ್ಮೆ ಇದನ್ನು ಮಾಡಿಸಬೇಕು. ಎಂಜಿನಿಯರಿಂಗ್ ಸೇರಿದ ಮೇಲೂ ಹೆಚ್ಚಿನವರ ಚೀಲದಲ್ಲಿರುವುದು ನಕ್ಷೆ ಬರೆಯದ ಕ್ಯಾಸಿಯೊ 991.

ದುಬಾರಿ ಯಂತ್ರದ ಹಂಗು ತಪ್ಪಿಸಿದ್ದು ಉಚಿತ ತಂತ್ರಾಂಶ. 2011ರಲ್ಲಿ ಬಂದ ಜಿಯೋಜೀಬ್ರಾದ 4ನೇ ಆವೃತ್ತಿ ಅಸಮತೆಗಳನ್ನು ನೇರವಾಗಿ ಸ್ವೀಕರಿಸಿತು. ಆನ್‌ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಡೆಸ್ಮೋಸ್ ಶುರುವಾದದ್ದೂ ಅದೇ ವರ್ಷ. ಅಮೆರಿಕದ ಕಾಲೇಜು ಪ್ರವೇಶಕ್ಕೆಂದು ಭಾರತದಿಂದ ಎಸ್‌ಎಟಿ ಬರೆಯುವವರಿಗೆ 2023ರಿಂದ ಡೆಸ್ಮೋಸ್ ಪರೀಕ್ಷೆಯ ಪರದೆಯಲ್ಲೇ ಸಿಗುತ್ತಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರಿಗೆ ಜಿಯೋಜೀಬ್ರಾ ತರಬೇತಿ ನೀಡಿತು. ಜಿಯೋಜೀಬ್ರಾದಲ್ಲಿ ‘ಎ’ ಎಂಬ ಸ್ಲೈಡರ್ ಮಾಡಿ ಎಕ್ಸ್ = ಎ ಎಂದು ಬರೆದು ಜಾರಿಸಿದರೆ, ನೆಟ್ಟಗಿನ ಗೆರೆ ಎಡಬಲಕ್ಕೆ ಸರಿಯುತ್ತದೆ; ಎಕ್ಸ್ > ಎ ಎಂದರೆ ಛಾಯೆಯೂ ಅದರ ಜೊತೆ ಸರಿಯುತ್ತದೆ.