ಅಂಗಡಿ ಸರ್ವರ್ ಸ್ಲೋ ಆಗಿದೆಯಾ? ಪ್ಲ್ಯಾನ್ ಬದಲಿಸೋ ಮುಂಚೆ ಕೇಬಲ್ ನೋಡಿ

ಯಶವಂತನಗರ (ಸಂಡೂರು ತಾಲ್ಲೂಕು): ಸಂಜೆ ಗಿರಾಕಿ ತುಂಬಿರೋ ಹೊತ್ತಿಗೇ ಬಿಲ್ ತೆಗೆಯೋ ಕಂಪ್ಯೂಟರ್ ನಿಂತುಬಿಟ್ಟರೆ ಅಂಗಡಿಯವರು ಹೇಳೋದು ಒಂದೇ ಮಾತು, "ನೆಟ್ ಸ್ಲೋ ಐತಿ". ಕೂಡಲೇ 100 ಎಂಬಿಪಿಎಸ್ ಪ್ಲ್ಯಾನ್ 300 ಆಗುತ್ತದೆ. ತಿಂಗಳ ಬಿಲ್ ಏರುತ್ತದೆ, ಟ್ಯಾಲಿ ಮಾತ್ರ ಹಾಗೇ ತೆವಳುತ್ತದೆ. ಒಳಗಿನ ಕೋಣೆಯ ಸರ್ವರ್‌ನಿಂದ ಕೌಂಟರ್‌ಗೆ ಬರುವ ಲೆಕ್ಕ ಇಂಟರ್‌ನೆಟ್ ಲೈನಿಗೆ ಹೋಗುವುದೇ ಇಲ್ಲ. ಅದು ಓಡಾಡೋದು ಅಂಗಡಿಯೊಳಗಿನ ಕೇಬಲ್ ಮತ್ತು ಸ್ವಿಚ್ ಮೂಲಕ.

ಹಾಗಾಗಿ ಮೊದಲು ಒಳಗಿನದನ್ನೇ ಅಳೆಯಿರಿ. ಸರ್ವರ್‌ನಿಂದ ಕೌಂಟರ್ ಕಂಪ್ಯೂಟರ್‌ಗೆ 1 ಜಿಬಿಯ ಒಂದು ವಿಡಿಯೊ ಕಾಪಿ ಮಾಡಿ, ಗಡಿಯಾರ ನೋಡಿ. ಗಿಗಾಬಿಟ್ ಜೋಡಣೆ ಸರಿಯಿದ್ದರೆ ಹತ್ತು-ಹದಿನೈದು ಸೆಕೆಂಡು ಸಾಕು. ಒಂದೂವರೆ ನಿಮಿಷ ಹಿಡಿದರೆ ಜೋಡಣೆ 100 ಮೆಗಾಬಿಟ್‌ಗೆ ಇಳಿದಿದೆ ಅಂತಲೇ ಅನುಮಾನಿಸಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಈಥರ್‌ನೆಟ್ ತೆರೆದರೆ ಲಿಂಕ್ ಸ್ಪೀಡ್ 1000 ಇದೆಯೋ 100 ಇದೆಯೋ ಕಾಣುತ್ತದೆ.

100 ತೋರಿಸಿದರೆ ಕಳ್ಳ ಹೆಚ್ಚಾಗಿ ಕೇಬಲ್ಲೇ. ಗಿಗಾಬಿಟ್‌ಗೆ ಕೇಬಲ್ಲಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಕಡಿದರೆ ಸಾಮಾನ್ಯವಾಗಿ ನೆಟ್ ನಿಲ್ಲೋದಿಲ್ಲ, ಸುಮ್ಮನೆ ನಿಧಾನವಾಗುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಇಲಿ ಕಡಿದ ಜಾಗ, ಶಟರ್ ಕೆಳಗೆ ಸಿಕ್ಕಿ ನಜ್ಜುಗುಜ್ಜಾದ ಭಾಗ, ಟೇಪ್ ಸುತ್ತಿದ ಜಾಯಿಂಟ್, ಸಡಿಲವಾದ ಪಿನ್ ಹುಡುಕಿ. ಹೊಸದು ಕೊಳ್ಳುವಾಗ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಳಿ. ಸಿಸಿಎ ಅಂತ ಬರೆದಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ. ಸ್ವಿಚ್ ಮೇಲೆ 10/100 ಅಂತಷ್ಟೇ ಇದ್ದರೆ ಕೇಬಲ್ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ.

ಬಿಲ್ಲಿಂಗ್ ಕಂಪ್ಯೂಟರ್ ವೈಫೈ ಮೇಲಿದ್ದರೆ ಕೇಬಲ್‌ಗೆ ತನ್ನಿ. ಗೋಡೆಯಾಚೆಯ ವೈಫೈ ನಂಬಿ ಟ್ಯಾಲಿ ನಡೆಸೋದು ತಲೆನೋವು. ಅದಿರು ಲಾರಿ ಓಡಾಡುವ ನಮ್ಮ ಕಡೆ ಕೆಂಪು ದೂಳಿನದೂ ಒಂದು ಪಾಲಿದೆ: ಸರ್ವರ್ ಫ್ಯಾನ್‌ಗೆ ದೂಳು ಕಟ್ಟಿದರೆ ಪ್ರೊಸೆಸರ್ ಕಾದು ತಾನೇ ವೇಗ ತಗ್ಗಿಸುತ್ತದೆ. ಕರೆಂಟ್ ತೆಗೆದು ಬ್ಲೋವರ್ ಹಿಡಿಸಿ.

ಒಳಗೆಲ್ಲ ಸರಿಯಿದ್ದೂ ಹೊರಗಿನ ಕೆಲಸ ನಿಧಾನವಾದರೆ ಸಿಸಿ ಕ್ಯಾಮೆರಾ ಮತ್ತು ಕ್ಲೌಡ್ ಬ್ಯಾಕಪ್ ನೋಡಿ. ಇವೆರಡೂ ಅಪ್‌ಲೋಡ್ ನುಂಗುತ್ತವೆ. ಬ್ಯಾಕಪ್ ಅನ್ನು ರಾತ್ರಿಗೆ ಹಾಕಿ. ಜಿಎಸ್‌ಟಿ ಕೊನೆಯ ದಿನ ಪೋರ್ಟಲ್ ತೆರೆಯದಿದ್ದರೆ ಮಾತ್ರ ಲೈನನ್ನು ಬೈಯಬೇಡಿ.

ಉಳಿದೆಲ್ಲ ಕಳಚಿ, ಮೋಡೆಮ್‌ಗೆ ನೇರವಾಗಿ ಕೇಬಲ್ ಚುಚ್ಚಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸ್ಪೀಡ್ ಟೆಸ್ಟ್ ಮಾಡಿ. ಮೂರೂ ಸಲ ಪ್ಲ್ಯಾನ್‌ಗಿಂತ ತೀರಾ ಕಡಿಮೆ ಬಂದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಂಪನಿಗೆ ದೂರು ಕೊಡಿ, ಡಾಕೆಟ್ ನಂಬರ್ ಬರೆದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಟ್ರಾಯ್‌ನ 2012ರ ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ಡಾಕೆಟ್ ನಂಬರ್ ಮಾತ್ರ ಕೈಯಲ್ಲಿರಲಿ.